ಸ್ಕಾಲರ್‌ನಲ್ಲಿ ಸೈಟೇಶನ್ ಜಾಸ್ತಿ, ಸ್ಕೋಪಸ್‌ನಲ್ಲಿ ಕಡಿಮೆ: ಪ್ರತಿಕ್ರಿಯೆ
ನಿಮ್ಮ ಸೈಟೇಶನ್, ಅಂದರೆ ಬೇರೆಯವರು ನಿಮ್ಮ ಲೇಖನಗಳನ್ನು ಉಲ್ಲೇಖಿಸಿದ ಸಂಖ್ಯೆ, ಗೂಗಲ್ ಸ್ಕಾಲರ್‌ನಲ್ಲಿ ಜಾಸ್ತಿ, ಸ್ಕೋಪಸ್‌ನಲ್ಲಿ ಕಡಿಮೆ ಯಾಕೆ ಅಂತ ಕೇಳಿದ್ದಿರಿ (ಎರಡೂ ಸಂಶೋಧನಾ ಲೇಖನಗಳನ್ನು ಪಟ್ಟಿ ಮಾಡುವ ತಾಣಗಳು). ನಿಮ್ಮ ಸ್ಕಾಲರ್ ಪುಟದಲ್ಲಿ ಕೋಳಿ ರೋಗದ ಲೇಖನಗಳೂ ಸೇರಿಕೊಂಡಿವೆ ಅಂದಿರಲ್ಲ, ಬಹುಶಃ ನಿಮ್ಮದೇ ಹೆಸರು, ಇನಿಶಿಯಲ್ ಇರುವ ಪಶುವೈದ್ಯರೊಬ್ಬರ ಕೆಲಸ ಅದು. ಇಬ್ಬರೂ ಬರೆಯುವುದು ‘ಐಬಿಡಿ’ ಬಗ್ಗೆಯೇ, ಆದರೆ ಅರ್ಥ ಬೇರೆ. ಐಬಿಡಿ ಅಂದರೆ ನಿಮಗೆ ಮನುಷ್ಯರ ಕರುಳಿನ ಉರಿಯೂತದ ಕಾಯಿಲೆಗಳಾದ ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್. ಅವರಿಗೆ ಕೋಳಿಗಳಿಗೆ ಬರುವ ಗುಂಬೊರೊ!

ಮೊದಲು ಸ್ಕಾಲರ್‌ಗೆ ಲಾಗಿನ್ ಆಗಿ, ನಿಮ್ಮದಲ್ಲದ ಲೇಖನಗಳಿಗೆ ಟಿಕ್ ಹಾಕಿ ಡಿಲೀಟ್ ಮಾಡಿ. ಒಂದೇ ಲೇಖನ ಎರಡು ಸಲ ಇದ್ದರೆ ಎರಡಕ್ಕೂ ಟಿಕ್ ಹಾಕಿ ಮರ್ಜ್ ಕೊಡಿ. ಆಮೇಲೆ ಲೇಖನಗಳು ತಾವಾಗೇ ಸೇರುವ ಸೆಟ್ಟಿಂಗ್ ತೆಗೆದು, ಇಮೇಲ್‌ನಲ್ಲಿ ನಿಮ್ಮನ್ನು ಕೇಳುವ ಹಾಗೆ ಬದಲಿಸಿ, ಇದನ್ನು ಮರೆತರೆ ಮತ್ತೆ ಅದೇ ಗೋಳು. ಇಷ್ಟಾದರೂ ಸ್ಕೋಪಸ್ ಸಂಖ್ಯೆ ಸ್ವಲ್ಪ ಕಡಿಮೆಯೇ ಇರುತ್ತದೆ, ಯಾಕೆಂದರೆ ಸಮ್ಮೇಳನದ ಬರೀ ಸಾರಾಂಶಗಳನ್ನು ಅದು ಸೇರಿಸಿಕೊಳ್ಳುವುದಿಲ್ಲ. ಸ್ಕೋಪಸ್‌ನಲ್ಲಿ ನಿಮಗೆ ಎರಡು ಪ್ರೊಫೈಲ್ ಇದೆಯಾ ನೋಡಿ. ಇದ್ದರೆ ಒಂದು ಮಾಡಲು ಕೋರಿಕೆ ಹಾಕಿ, ಆರ್ಕಿಡ್ (ORCID) ಐಡಿಗೂ, ಅಂದರೆ ಸಂಶೋಧಕರ ಗುರುತಿನ ಸಂಖ್ಯೆಗೂ, ಜೋಡಿಸಿ.