ಫೈಲು ದಪ್ಪ, ಪರ್ಸೆಂಟೇಜು 34

ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಬಂದವರಿಗೆ ನಲವತ್ತರ ಆಸುಪಾಸು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದರು. ರುಮಟಾಯ್ಡ್ ಸಂಧಿವಾತ (ಕೀಲುಗಳು ಊದಿ ಸವೆಯುವ ಕಾಯಿಲೆ) ಶುರುವಾದ ಮೇಲೆ ಕತ್ತರಿ ಹಿಡಿಯೋಕೇ ಆಗದೆ ಮಷಿನ್ನು ಮೂಲೆ ಸೇರಿದೆ. ಅಂಗವಿಕಲರ ಸರ್ಟಿಫಿಕೇಟಿಗೆ ಅರ್ಜಿ ಹಾಕಿದರೆ ಸಿಕ್ಕಿದ್ದು ಶೇ. 34 ಅಂಗವೈಕಲ್ಯ. ಪಿಂಚಣಿಗೆ ಕನಿಷ್ಠ 40 ಬೇಕು.

"ಇಷ್ಟು ದಪ್ಪ ಫೈಲ್ ಕೊಟ್ಟೆ ಮೇಡಂ. ನನ್ನ ಕಾಯಿಲೆ ಅವರಿಗೆ ಕಾಣಲೇ ಇಲ್ವಾ?"

ಫೈಲ್ ತೆರೆದೆ. ಬರೀ ರಕ್ತಪರೀಕ್ಷೆಯ ವರದಿಗಳು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಹಿಮೋಫಿಲಿಯಾ, ಥಲಸ್ಸೇಮಿಯಾ, ಪಾರ್ಕಿನ್ಸನ್ ಹೆಸರು ಹೇಳಿಯೇ ಇವೆ, ಸಂಧಿವಾತ ಇಲ್ಲ. ಅದನ್ನು ಕೈಕಾಲಿನ ಚಲನೆಯ ತೊಂದರೆ ಅಂತ ಲೆಕ್ಕ ಹಾಕುತ್ತಾರೆ. ಅಲ್ಲಿ ಕಾಯಿಲೆಯ ಹೆಸರಿಗೆ ಬೆಲೆ ಕಡಿಮೆ. ಕೀಲು ಎಷ್ಟು ಮಡಚುತ್ತೆ, ಬಲ ಎಷ್ಟಿದೆ ಅಂತ ನೋಡುತ್ತಾರೆ. ಕೈಗಾದರೆ ಹತ್ತು ಕೆಲಸಗಳ ಪಟ್ಟಿಯೇ ಇದೆ: ಕೈಯಲ್ಲಿ ಊಟ ಮಾಡೋದು, ತಲೆ ಬಾಚಿ ಜಡೆ ಹಾಕೋದು, ಗುಂಡಿ ಹಾಕೋದು, ಲಾಡಿ ಕಟ್ಟೋದು, ಬರೆಯೋದು ಹೀಗೆ. ಒಂದೊಂದಕ್ಕೂ ಇಷ್ಟು ಅಂತ ಅಂಕ.

"ಜಡೆ ಹಾಕ್ಕೊಳ್ತೀರಾ ಅಂತ ಕೇಳಿದ್ರಾ?"

"ಕೇಳಿದ್ರು. ಹೂಂ ಅಂದೆ."

"ಇವತ್ತು ಹಾಕಿದ್ದು ಯಾರು?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಗಳು."

ಡಾಕ್ಟರ ಮುಂದೆ ಮರ್ಯಾದೆಗೆ ಹೂಂ ಅನ್ನೋ ಹೆಂಗಸರನ್ನು ಬೇಕಾದಷ್ಟು ನೋಡಿದ್ದೇನೆ. ಸೋತೆ ಅಂತ ಒಪ್ಪಿಕೊಂಡ ಹಾಗಾಗುತ್ತೆ ಅನ್ನೋ ಸಂಕೋಚ.

ನಾನು ಹೇಳಿದ್ದು ಇಷ್ಟು. ಕೈಲಾಗದ್ದನ್ನು ಆಗಲ್ಲ ಅನ್ನಿ, ಆಗೋದನ್ನು ಆಗುತ್ತೆ ಅನ್ನಿ. ಯಾವ ಕೆಲಸ ಯಾರು ಮಾಡಿಕೊಡುತ್ತಾರೆ ಅಂತ ಮನೆಯಲ್ಲೇ ಬರೆದಿಟ್ಟುಕೊಳ್ಳಿ, ಮಗಳನ್ನೇ ಕೇಳಿ, ಅವಳಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತೆ. ಕೀಲುಗಳ ಎಕ್ಸ್‌ರೇ ಫೈಲಿನ ಮೇಲೇ ಇರಲಿ. ನಿಮಗೆ ಚಿಕಿತ್ಸೆ ಕೊಡುವ ವೈದ್ಯರಿಂದ ಯಾವ ಬೆರಳು ಎಷ್ಟು ಮಡಚುತ್ತೆ ಅಂತ ಬರೆಸಿಕೊಳ್ಳಿ. ಕಾಯ್ದೆಯಲ್ಲಿ ಮೇಲ್ಮನವಿಗೆ ಅವಕಾಶ ಇದೆ. ಅರ್ಜಿಯ ಓಡಾಟಕ್ಕೆ ನಿಮ್ಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ, ಅವರ ಕೆಲಸವೇ ಅದು.

ಹೊರಡುವಾಗ ಮೆಲ್ಲಗೆ ಕೇಳಿದರು, "ಈ ಸಲ ಮಾತ್ರೆ ಬಿಟ್ಟು ಹೋದ್ರೆ ಊತ ಜಾಸ್ತಿ ಕಾಣುತ್ತೆ ಅಂತಾರಲ್ಲ ಮೇಡಂ?"

ಈ ಸಲಹೆ ಕೊಡೋರು ಊರಿಗೊಬ್ಬರು ಇದ್ದೇ ಇರುತ್ತಾರೆ. ಖಂಡಿತ ಬೇಡ ಅಂದೆ. ಸರ್ಟಿಫಿಕೇಟ್ ಕೊಡುವ ಡಾಕ್ಟರು ಅಳೆಯೋದು ಚಿಕಿತ್ಸೆ ಆದಮೇಲೂ ಉಳಿದ ಶಾಶ್ವತ ತೊಂದರೆಯನ್ನು, ಆ ವಾರದ ಊತವನ್ನಲ್ಲ. ಮಾತ್ರೆ ಬಿಟ್ಟು ಕೀಲು ಸವೆದರೆ ಅದು ವಾಪಸ್ ಬರಲ್ಲ.