ನೀರು ಇಳಿದ ಮೇಲೆ ಬರುವ ಜ್ವರ

(ಮುಂಬಯಿಯ ಕುರ್ಲಾದಲ್ಲಿ ಹೋಟೆಲ್ ಮ್ಯಾನೇಜರ್ ಆಗಿರುವ ಓದುಗರೊಬ್ಬರ ಪತ್ರದ ಸಾರ: ಅವರಲ್ಲಿ ಪಾತ್ರೆ ತೊಳೆಯುವ, ಯಾದಗಿರಿ ಕಡೆಯ ಹುಡುಗನೊಬ್ಬ ಕಳೆದ ಮಳೆಗಾಲದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಡೆದು ಕೆಲಸಕ್ಕೆ ಬಂದಿದ್ದ. ಒಂಬತ್ತನೆಯ ದಿನ ಇಲಿ ಜ್ವರ ಬಂತು. ಔಷಧಿ ಅಂಗಡಿಯ ಮಾತ್ರೆಗಳಲ್ಲೇ ನಾಲ್ಕು ದಿನ ಕಳೆದ. ಆಸ್ಪತ್ರೆ ಸೇರುವಾಗ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ಬದುಕಿಕೊಂಡ. ‘ಎಚ್ಚರಿಕೆಯ ಫಲಕ ಮರಾಠಿಯಲ್ಲಿತ್ತು. ಕನ್ನಡದಲ್ಲಿದ್ದರೆ ಹೀಗಾಗುತ್ತಿತ್ತೇ?’ ಎಂದು ಅವರು ಕೇಳಿದ್ದಾರೆ.)

ಮಾನ್ಯರೇ,

ಹುಡುಗ ಚೇತರಿಸಿಕೊಂಡನೆಂದು ಓದಿ ಸಮಾಧಾನವಾಯಿತು. ತಮ್ಮ ಪ್ರಶ್ನೆಗೆ ನನ್ನ ಉತ್ತರ: ಬಹುಶಃ ಆಗಲೂ ಹೀಗೆಯೇ ಆಗುತ್ತಿತ್ತು. ಶಾಲೆ ಬಿಟ್ಟು ದುಡಿಯಲು ಬಂದವನು, ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಮಲಗುವವನು, ಫಲಕ ಯಾವ ಭಾಷೆಯಲ್ಲಿದ್ದರೂ ನಿಂತು ಓದುವುದಿಲ್ಲ.

ಇಲಿ ಜ್ವರದ (ಲೆಪ್ಟೊಸ್ಪೈರೋಸಿಸ್) ಮೋಸವಿರುವುದೇ ಅದು ತಡವಾಗಿ ಬರುವುದರಲ್ಲಿ. ಇಲಿ, ನಾಯಿ, ದನಗಳ ಮೂತ್ರ ಬೆರೆತ ನೀರಿನಿಂದ ರೋಗಾಣು ಚರ್ಮದ ಗಾಯದ ಮೂಲಕ ಒಳಸೇರುತ್ತದೆ. ಜ್ವರ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಗಳ ನಂತರ. ಅಷ್ಟರಲ್ಲಿ ರಸ್ತೆ ಒಣಗಿರುತ್ತದೆ, ನೀರಿನಲ್ಲಿ ನಡೆದದ್ದು ಮರೆತಿರುತ್ತದೆ, ವೈದ್ಯರಿಗೂ ಅದನ್ನು ಯಾರೂ ಹೇಳುವುದಿಲ್ಲ. ಪಾತ್ರೆ ತೊಳೆಯುವವರ ಪಾಡು ಇನ್ನೂ ಕಷ್ಟ. ದಿನವಿಡೀ ಒದ್ದೆಯಲ್ಲಿ ನಿಂತು ಬೆರಳ ಸಂದಿಯಲ್ಲಿ ಕೆಸರುಹುಣ್ಣು ಇಲ್ಲದವರು ಅವರಲ್ಲಿ ವಿರಳ, ರೋಗಾಣುವಿಗೆ ಬಾಗಿಲು ತೆರೆದೇ ಇರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದದ್ದು ಎಲ್ಲರಿಗೂ ನೆನಪಿದೆ. ಅದರ ಬೆನ್ನಿಗೆ ವಾರಗಟ್ಟಲೆ ಹಬ್ಬಿದ ಇಲಿ ಜ್ವರ ಅಷ್ಟಾಗಿ ನೆನಪಿಲ್ಲ. ನೀರಿನಲ್ಲಿ ನಡೆದವರು 72 ಗಂಟೆಯೊಳಗೆ ವೈದ್ಯರನ್ನು ಕಂಡು, ಅವರು ಹೇಳಿದಂತೆ, ರೋಗ ಬಾರದಂತೆ ತಡೆಯುವ ಡಾಕ್ಸಿಸೈಕ್ಲಿನ್ ಮಾತ್ರೆ ತೆಗೆದುಕೊಳ್ಳಬೇಕೆಂಬುದು ಇಲ್ಲಿನ ಪಾಲಿಕೆಯ ಸಲಹೆ. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಆ ಮಾತ್ರೆ ಸಲ್ಲದು, ಆದ್ದರಿಂದ ಅಂಗಡಿಯಲ್ಲಿ ಕೊಂಡು ಎಲ್ಲರಿಗೂ ಹಂಚಬೇಡಿ. ಜ್ವರದ ಜೊತೆಗೆ ಮೀನಖಂಡದಲ್ಲಿ ಸೆಳೆತ, ಕಣ್ಣು ಕೆಂಪಾಗುವುದು ಕಂಡರೆ ಒಂದು ದಿನವೂ ಕಾಯಬಾರದು.

ಭಾಷೆಯ ಮಾತು ಸುಳ್ಳಲ್ಲ. 1995ರ ಜನವರಿ 17ರಂದು ಜಪಾನಿನ ಕೋಬೆಯಲ್ಲಿ ಭೂಕಂಪವಾದಾಗ ಅಲ್ಲಿನ ವಿಯೆಟ್ನಾಮೀ ಕಾರ್ಮಿಕರಿಗೆ ನೀರು ಎಲ್ಲಿ ಸಿಗುತ್ತದೆ, ಆಶ್ರಯ ಎಲ್ಲಿದೆ ಎಂಬ ಪ್ರಕಟಣೆಗಳೇ ಅರ್ಥವಾಗಲಿಲ್ಲ. ಆಗ ಒಂದು ಚರ್ಚಿನ ಆವರಣದಿಂದ ಅವರ ಭಾಷೆಯಲ್ಲೇ ಪುಟ್ಟ ರೇಡಿಯೋ ಕೇಂದ್ರವೊಂದು ಮಾತನಾಡತೊಡಗಿತು. ಮುಂದೆ ಹಿರೋಸಾಕಿ ವಿಶ್ವವಿದ್ಯಾಲಯದ ಭಾಷಾತಜ್ಞರು ಆಪತ್ತಿನ ಸೂಚನೆಗಳಿಗಾಗಿ ‘ಸುಲಭ ಜಪಾನೀ’ಯನ್ನು ರೂಪಿಸಿದರು. ಕಠಿಣ ಪದವನ್ನು ಬಿಟ್ಟು, ಹೊಸಬನಿಗೂ ತಿಳಿಯುವ ಚಿಕ್ಕ ವಾಕ್ಯ ಹೇಳುವುದು ಅದರ ರೀತಿ. ‘ಲೆಪ್ಟೊಸ್ಪೈರೋಸಿಸ್ ತಡೆಗಟ್ಟುವ ಮುನ್ನೆಚ್ಚರಿಕಾ ಕ್ರಮಗಳು’ ಎಂದು ನಾವು ಕನ್ನಡದಲ್ಲೇ ಬರೆದರೂ ತಮ್ಮ ಹುಡುಗನಿಗೆ ಅದು ಮರಾಠಿಯಷ್ಟೇ ದೂರ. ‘ಹೊಲಸು ನೀರಾಗ ನಡದೀಯೇನು? ಮೂರು ದಿನದಾಗ ದವಾಖಾನಿಗೆ ಹೋಗಿ ಗುಳಗಿ ತಗೋ’ ಎಂದು ಅವನ ಊರಿನವನೇ ಹೇಳಿದರೆ ಕೇಳಿಯಾನು.

ಕೇಳಿದರೂ ಹೋಗಲು ಬಿಡುವಿರಬೇಕಲ್ಲ. ಅರ್ಧ ದಿನದ ಸಂಬಳ ಕಡಿತವಾಗುವುದೆಂದರೆ ಯಾರೂ ದವಾಖಾನೆಯ ಸಾಲಿನಲ್ಲಿ ನಿಲ್ಲುವುದಿಲ್ಲ; ಈ ಒಂದು ವಿಷಯ ಫಲಕ ಬರೆದವರ ಕೈಯಲ್ಲಿಲ್ಲ, ತಮ್ಮಂಥವರ ಕೈಯಲ್ಲಿದೆ. (ತಮ್ಮ ಪತ್ರದಲ್ಲಿ ಆ ನಾಲ್ಕು ದಿನ ಅವನು ಕೆಲಸ ಮಾಡುತ್ತಿದ್ದನೇ ಎಂಬುದಿಲ್ಲ.) ಇನ್ನು ಜೋಪಡಿಗಳಲ್ಲಿರುವವರ ಭಯ ಬೇರೆಯದೇ. ಗೋವಾದ ಬೈನಾ ಕಡಲತೀರದಲ್ಲಿ 2004ರ ಮಳೆಗಾಲದಲ್ಲಿ ಕನ್ನಡಿಗರ ಮನೆಗಳನ್ನು ಸರ್ಕಾರ ನೆಲಸಮ ಮಾಡಿದ್ದನ್ನು ಕಂಡವರು, ನೀರು ಏರಿದರೂ ಮನೆ ಬಿಟ್ಟು ಹೊರಡಲು ಹಿಂಜರಿದರೆ ಅದನ್ನು ಅಜ್ಞಾನವೆನ್ನಲಾಗದು.

ಹೋಟೆಲ್ ಹುಡುಗರಿಗಾಗಿ ಕನ್ನಡ ರಾತ್ರಿಶಾಲೆಗಳನ್ನು ನಡೆಸಿದ ಊರು ಇದು. ಇಂದಿನ ನಮ್ಮ ಸಂಘಗಳಿಗೆ ಶಾಲು ಹೊದಿಸುವುದರಲ್ಲಿರುವ ಉತ್ಸಾಹದ ಕಾಲುಭಾಗ ಸಾಕು: ಮೇ ತಿಂಗಳಲ್ಲಿ ಒಂದೊಂದು ಹೋಟೆಲಿಗೆ, ಕಟ್ಟಡದ ಕೆಲಸದ ಜಾಗಕ್ಕೆ ಒಬ್ಬೊಬ್ಬರು ಹೋಗಿ, ಹತ್ತಿರದ ದವಾಖಾನೆ ಯಾವುದು, ಮುಂಬಯಿಯಲ್ಲಿ ನೀರು ನುಗ್ಗಿದರೆ 1916ಕ್ಕೆ, ಆಂಬ್ಯುಲೆನ್ಸಿಗೆ 108ಕ್ಕೆ ಕರೆ ಮಾಡಬೇಕೆಂದು ಹೇಳಿ ಬರಬಹುದು. ಫೋನಿನಲ್ಲಿ ಕಳುಹಿಸಲು ಒಂದು ನಿಮಿಷದ ಧ್ವನಿ ಸಂದೇಶವನ್ನು ನಮ್ಮ ಕಚೇರಿಯಲ್ಲಿ ಸಿದ್ಧಪಡಿಸುತ್ತೇವೆ, ವೈದ್ಯರೊಬ್ಬರು ಅದನ್ನು ಪರಿಶೀಲಿಸುತ್ತಾರೆ. ನಮ್ಮಲ್ಲಿರುವವರೆಲ್ಲ ಕರಾವಳಿಯವರು, ನಮ್ಮ ಕನ್ನಡ ಯಾದಗಿರಿ ಕಡೆಯ ಹುಡುಗರಿಗೆ ಪುಸ್ತಕದಂತೆ ಕೇಳಿಸುತ್ತದೆ. ತಮ್ಮ ಹುಡುಗನಿಗೆ ಒಪ್ಪಿಗೆಯಿದ್ದರೆ, ಸಂಬಳ ಹಿಡಿಯದೆ, ಒಂದು ಮಧ್ಯಾಹ್ನ ಅವನನ್ನು ಇಲ್ಲಿಗೆ ಕಳುಹಿಸಿಕೊಡಿ.

– ಸಂಪಾದಕ