ಕಿಟಕಿಯೇ ನಿಮ್ಮ ತೊಟ್ಟಿ

ಮಳೆಗಾಲ ಬಂತೆಂದರೆ ಎಲ್ಲರಿಗೂ ಮನೆಯೊಳಗೆ ಮಲೆನಾಡು ಬೇಕು. ಪ್ರತಿ ವರ್ಷ ಅವೇ ಪ್ರಶ್ನೆಗಳು. ಈ ಸಲ ಉತ್ತರ ಸ್ವಲ್ಪ ಖಾರವಾಗಿದ್ದರೆ ಬೇಜಾರಾಗಬೇಡಿ.

ಬೆಂಗಳೂರಿನ ಫ್ಲ್ಯಾಟ್‌ನಲ್ಲಿ 10 ಅಡಿಗೆ 12 ಅಡಿಯ ಕೋಣೆ, ಪೂರ್ವಕ್ಕೆ ಒಂದೇ ಕಿಟಕಿ. ನಡುವೆ ಬಾನಿಗೆ ತೆರೆದ ತೊಟ್ಟಿಯಿರುವ ಮಲೆನಾಡಿನ ತೊಟ್ಟಿ ಮನೆ ಥರ ಮಾಡಬೇಕು. ಫಾಲ್ಸ್ ಸೀಲಿಂಗ್‌ಗೆ ಮಂಗಳೂರು ಹೆಂಚು, ಗೋಡೆಗೆಲ್ಲ ಮರದ ಹಲಗೆ, ಮೂಲೆಮೂಲೆಗೂ ಗಿಡ. ಸರಿಯೇ?

ಸರಿಯಿಲ್ಲ. ಮೊದಲು ಹೆಂಚು ಕೈಬಿಡಿ. ಒಂದೊಂದೂ ಎರಡು ಕಿಲೋಗಿಂತ ಜಾಸ್ತಿ ತೂಗುತ್ತದೆ. ಜಿಪ್ಸಮ್ ಸೀಲಿಂಗ್ ಆ ಭಾರ ಹೊರುವುದಕ್ಕೆ ಮಾಡಿದ್ದಲ್ಲ, ಕೆಳಗೆ ಮಲಗುವವರು ನೀವು.

ತೊಟ್ಟಿ ಮನೆಯ ಒಳಕೋಣೆ ಕತ್ತಲು. ಮಳೆ ಇರಚಲು ಒಳಗೆ ಬರಬಾರದು ಅಂತ ಸೂರು ತಗ್ಗಾಗಿ, ಕಿಟಕಿ ಸಣ್ಣದಾಗಿ ಇಟ್ಟರು. ಬೆಳಕು ಬರುವುದು ನಡುವಿನ ತೊಟ್ಟಿಯಿಂದ. ಗಿಡ ಇರುವುದು ತೊಟ್ಟಿಯ ಹತ್ತಿರ, ಇಲ್ಲವೇ ಅಂಗಳದಲ್ಲಿ. ಮಲಗುವ ಕೋಣೆಯ ಮೂಲೆಯಲ್ಲಿ ಯಾರು ಗಿಡ ಇಟ್ಟಿದ್ದರು? ನಿಮ್ಮ ಕೋಣೆಗೆ ಬೆಳಕಿನ ದಾರಿ ಆ ಕಿಟಕಿ ಒಂದೇ. ಅದನ್ನೇ ತೊಟ್ಟಿ ಅಂದುಕೊಳ್ಳಿ. ಅದರ ಕೆಳಗೆ ಜಗಲಿಯಷ್ಟು ಎತ್ತರಕ್ಕೆ ಮರದ ಕಟ್ಟೆ ಮಾಡಿಸಿ, ಗಿಡಗಳೆಲ್ಲ ಅಲ್ಲೇ ಗುಂಪಾಗಿರಲಿ. ಉಳಿದ ಗೋಡೆಗಳಿಗೆ ಸುಣ್ಣದ ಬಿಳುಪು ಸಾಕು. ಹಲಗೆ ಹೊಡೆಸಿದರೆ ಇರುವ ಬೆಳಕನ್ನೂ ಅದು ನುಂಗುತ್ತದೆ. ರಾತ್ರಿಗೆ ಹಳದಿ ಬೆಳಕಿನ ದೀಪ ತಗ್ಗಿನಲ್ಲಿರಲಿ.

ಇನ್ನು ಗಿಡ. ಮನಿ ಪ್ಲಾಂಟ್ ಬೇಡ, ಅದು ಪೆಸಿಫಿಕ್ ದ್ವೀಪದ ಬಳ್ಳಿ. ಅದರ ಜಾಗಕ್ಕೆ ಕಾಳುಮೆಣಸು ತನ್ನಿ. ಪಶ್ಚಿಮಘಟ್ಟದ್ದೇ, ಅಡಿಕೆ ಮರದ ನೆರಳಲ್ಲಿ ಹಬ್ಬಿ ಅಭ್ಯಾಸ ಇರುವಂಥದ್ದು. ತೆಂಗಿನ ನಾರು ಸುತ್ತಿದ ಕೋಲಿಗೆ ಹಬ್ಬಿಸಿ, ನಾರನ್ನು ಒದ್ದೆಯಾಗಿಡಿ. ಗಿಣ್ಣುಗಿಣ್ಣಿನಲ್ಲೂ ಸಣ್ಣ ಬೇರು ಹೊರಟು ನಾರನ್ನು ಕಚ್ಚಿಕೊಳ್ಳುತ್ತದೆ. ನಾರು ಒಣಗಿದರೆ ಬೇರಿನ ತುದಿ ಕಂದಾಗಿ ಮುರುಟುತ್ತದೆ, ಬಳ್ಳಿ ಹಿಡಿತ ತಪ್ಪಿ ಜೋತುಬೀಳುತ್ತದೆ. ಕಾಳು ಬಿಡುತ್ತದಾ ಅಂತ ಮಾತ್ರ ಕೇಳಬೇಡಿ.

ಪಕ್ಕದಲ್ಲಿ ಜರಿಗಿಡ ಇಡಿ, ಆದರೆ ಎಸಿ ಗಾಳಿ ನೇರ ತಾಗದಂತೆ. ಮಲೆನಾಡಿನ ಗಿಡ ಅಂತ ದಿನಾ ಕುಂಡ ತುಂಬ ನೀರು ಸುರಿಯುವವರಿಗೆ ಒಂದು ಮಾತು: ಅಷ್ಟು ಮಳೆ ಬೀಳುವ ಅಡಿಕೆ ತೋಟದಲ್ಲಿ ಬಸಿಗಾಲುವೆ ತೋಡುವುದು ಯಾಕೆ? ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುವುದು ಗ್ಯಾರಂಟಿ. ಕೆಸು ನೋಡಲು ಚಂದ, ಮಗುವೋ ಬೆಕ್ಕೋ ಇದ್ದರೆ ಬೇಡ. ಹಸಿ ಎಲೆ ಕಚ್ಚಿದರೆ ಬಾಯಿ, ಗಂಟಲು ಉರಿದು ತುರಿಸುತ್ತದೆ. ಈ ವಿಷಯದಲ್ಲಿ ನಾನು ಸ್ವಲ್ಪ ಅಂಜುಬುರುಕಿಯೇ, ಇರಲಿ.

ಹಳೇ ಮನೆಯ ಕೆತ್ತನೆ ಕಂಬ ಸಿಕ್ಕಿದೆ, ಕೊಳ್ಳಲೇ?

ಬುಡದಲ್ಲಿ ಸಣ್ಣ ತೂತು, ಕೆಳಗೆ ರವೆಯಂಥ ಪುಡಿ ಕಂಡರೆ ವಾಪಸ್ ಬನ್ನಿ. ಹುಳ ಇನ್ನೂ ಒಳಗೇ ಇದೆ.

ಶೃಂಗೇರಿಯ ನೆಂಟರು ಕಾಡಿನಿಂದ ಸೀತಾಳೆ ದಂಡೆ ಅನ್ನುವ ಆರ್ಕಿಡ್ ತಂದುಕೊಡುತ್ತಾರೆ. ಗೋಡೆಗೆ ಕಟ್ಟಬಹುದಾ?

ಬೇಡ. ಮೀಸಲು ಅರಣ್ಯದಿಂದ ಗಿಡ ಕಿತ್ತು ತರುವುದು ಅಪರಾಧ. ಆಸೆ ಇದ್ದರೆ ನರ್ಸರಿಯಲ್ಲಿ ಬೆಳೆಸಿದ ಆರ್ಕಿಡ್ ಕೊಂಡು ಬಾಲ್ಕನಿಯಲ್ಲಿ ತೂಗುಹಾಕಿ.

ಈಗಿರುವ ಟೈಲ್ಸ್ ಮೇಲೇ ರೆಡ್ ಆಕ್ಸೈಡ್ ನೆಲ ಮಾಡಿಸಬಹುದಾ?

ನುಣುಪು ಟೈಲ್ಸ್ ಮೇಲೆ ಅದು ಕಚ್ಚುವುದಿಲ್ಲ. ಆಗುತ್ತದೆ ಅನ್ನುವವರು ಬಳಿಯುವುದು ಸುಮ್ನೆ ಕೆಂಪು ಪೇಂಟ್.

ಗಿಡ ಇಟ್ಟರೆ ಕೋಣೆಯ ಗಾಳಿ ಶುದ್ಧ ಆಗುತ್ತದಂತೆ?

ಗಿಡ ಮಾರುವವರು ಹೇಳುವ 1989ರ ನಾಸಾ ಪ್ರಯೋಗ ನಡೆದದ್ದು ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ. ನಿಮ್ಮದು ಕೋಣೆ ಅಲ್ವಾ? ಕಿಟಕಿ ತೆರೆಯಿರಿ.

ಮಲೆನಾಡಿನ ಗೋಡೆಗಳ ಮೇಲೆ ಬರೆಯುವ ಹಸೆ ಚಿತ್ತಾರದ ಸ್ಟಿಕರ್ ಅಂಟಿಸಿದರೆ ಹೇಗೆ?

ಕೆಮ್ಮಣ್ಣಿನ ಗೋಡೆ, ಅಕ್ಕಿ ಅರೆದ ಬಿಳಿ, ಪುಂಡಿ ನಾರಿನ ಕುಂಚ. ಸಾಗರದ ಕಡೆ ದೀವರ ಸಮುದಾಯದ ಹೆಂಗಸರು ಬರೆಯುತ್ತಾ ಬಂದದ್ದು ಹೀಗೆ. ಅವರಿಂದಲೇ ಒಂದು ಚಿತ್ತಾರ ಬರೆಸಿಕೊಳ್ಳಿ. ಚೌಕಾಸಿ ಮಾಡಬೇಡಿ.